ಕ್ಯೂನಿಫಾರ್ಮ್ ಚಿಹ್ನೆ ಹಾಕಿದರೆ ಚೌಕ ಬರುತ್ತಿದೆ. ಮತ್ತೆ, ಎಲ್ಲ ಕಾಲದ ಲಿಪಿಗೂ ಒಂದೇ ಕೋಡ್ ಸರೀನಾ?

ಕೊಪ್ಪಳದ_ಹುಡುಗ
ಎಲ್ಲರಿಗೂ ನಮಸ್ಕಾರ. ಹೈಸ್ಕೂಲ್ ಮಕ್ಕಳಿಗಾಗಿ ಮೆಸೊಪೊಟೇಮಿಯಾ ಬಗ್ಗೆ ಕನ್ನಡದಲ್ಲಿ ಒಂದು ವೆಬ್ ಪುಟ ಮಾಡುತ್ತಿದ್ದೇನೆ. ಜೇಡಿಮಣ್ಣಿನ ಹಲಗೆಗಳ ಫೋಟೊ ಹಾಕಿ ಸುಮ್ಮನಾಗುವ ಮನಸ್ಸಿಲ್ಲ. ಕ್ಯೂನಿಫಾರ್ಮ್, ಅಂದರೆ ಅಲ್ಲಿನ ಬೆಣೆಲಿಪಿಯ ಚಿಹ್ನೆಗಳು ಪಠ್ಯವಾಗಿಯೇ ಇರಬೇಕು, ಮಕ್ಕಳು ಅದನ್ನು ಕಾಪಿ ಮಾಡಿ ಹುಡುಕಿ ನೋಡುವಂತಿರಬೇಕು.

ಮೂರು ಕಡೆ ಸಿಕ್ಕಿಹಾಕಿಕೊಂಡಿದ್ದೇನೆ. ಫೋನ್‌ನಲ್ಲಿ ನೋಡಿದರೆ ಚಿಹ್ನೆಯ ಜಾಗದಲ್ಲಿ ಖಾಲಿ ಚೌಕ. ಡೇಟಾಬೇಸ್‌ನಲ್ಲಿ ಸೇವ್ ಮಾಡಿದರೆ ಚಿಹ್ನೆ ಬಂದ ಕಡೆಯಿಂದ ಮುಂದಿನ ಕನ್ನಡ ಪಠ್ಯವೆಲ್ಲ ಮಾಯ. ಮೂರನೆಯದು ಅನುಮಾನ. ಯುನಿಕೋಡ್ (ಎಲ್ಲ ಲಿಪಿಗಳ ಒಂದೊಂದು ಚಿಹ್ನೆಗೂ ಒಂದು ಕೋಡ್ ಕೊಡುವ ಜಾಗತಿಕ ಮಾನದಂಡ) ಚಾರ್ಟಿನಲ್ಲಿ 'ಆನ್' ಅನ್ನುವ ಚಿಹ್ನೆ ನಕ್ಷತ್ರದ ಹಾಗಿದೆ. ಅಶ್ಶೂರದ (ಅಸ್ಸೀರಿಯಾ) ರಾಜಧಾನಿ ನಿನೆವೆಯ ಹಲಗೆಯ ಫೋಟೊದಲ್ಲಿ ಅದೇ ಚಿಹ್ನೆ ಎರಡು ಮೂರು ಬೆಣೆಗಳ ಅಡ್ಡಗುರುತಿನ ಹಾಗೆ ಕಾಣುತ್ತದೆ. ಎರಡಕ್ಕೂ ಒಂದೇ ಕೋಡ್ ಅಂತೆ. ಇದು ಹೇಗೆ ಸರಿ?

ಫಾಂಟ್_ಹುಚ್ಚ
ಚೌಕ ಬಂದರೆ ಗಾಬರಿ ಬೇಡ. ಕೋಡ್ ಸರಿಯಾಗಿ ತಲುಪಿದೆ, ತೋರಿಸಲು ಫಾಂಟ್ ಇಲ್ಲ, ಅಷ್ಟೇ. ವಿಂಡೋಸ್ 10ರಲ್ಲಿ ಸೆಗೋ ಯುಐ ಹಿಸ್ಟಾರಿಕ್ ಅನ್ನುವ ಫಾಂಟ್ ಇದೆ, ಅದರಲ್ಲಿ ಕ್ಯೂನಿಫಾರ್ಮ್ ಇದೆ. ಇಲ್ಲದ ಕಡೆ ನೋಟೋ ಸಾನ್ಸ್ ಕ್ಯೂನಿಫಾರ್ಮ್ ಹಾಕಿಕೊಳ್ಳಬಹುದು, ಉಚಿತ. ಮಕ್ಕಳ ಫೋನ್‌ನಲ್ಲಿ ಏನಿದೆಯೋ ಏನಿಲ್ಲವೋ ಗೊತ್ತಾಗುವುದಿಲ್ಲ. ಅದಕ್ಕೇ ಪುಟದ ಜೊತೆಗೇ ವೆಬ್ ಫಾಂಟ್ ಕಳಿಸಿ. ನಿಮಗೆ ಬೇಕಾದ ನಲವತ್ತೋ ಐವತ್ತೋ ಚಿಹ್ನೆಗಳಷ್ಟನ್ನೇ ಉಳಿಸಿ ಸಬ್‌ಸೆಟ್ ಮಾಡಿದರೆ ಪುಟ ಭಾರ ಆಗುವುದಿಲ್ಲ.

ಬ್ಯಾಕೆಂಡ್_ಭಟ್ಟ
ಎರಡನೆಯದಕ್ಕೆ ನಾನು ಹೇಳುತ್ತೇನೆ. ಡೇಟಾಬೇಸ್ ಮೈಎಸ್‌ಕ್ಯುಎಲ್ ತಾನೇ? ಟೇಬಲ್ 'ಯುಟಿಎಫ್8' ಅಂತ ಇದ್ದರೆ ಅಲ್ಲೇ ಎಡವಟ್ಟು. ಯುಟಿಎಫ್-8 ಅಂದರೆ ಯುನಿಕೋಡ್ ಕೋಡ್‌ಗಳನ್ನು ಬೈಟ್‌ಗಳಾಗಿ ಬರೆದಿಡುವ ಪದ್ಧತಿ. ಇದು ಹೆಸರಿಗೆ ಮಾತ್ರ ಯುಟಿಎಫ್-8. ಒಂದು ಕೋಡ್‌ಗೆ 3 ಬೈಟ್‌ವರೆಗೆ ಮಾತ್ರ ಜಾಗ ಕೊಡುತ್ತದೆ. ಕನ್ನಡದ ಒಂದೊಂದು ಕೋಡ್‌ಗೂ 3 ಬೈಟ್ ಸಾಕು, ಅದಕ್ಕೇ ಇಷ್ಟು ದಿನ ನಿಮಗೆ ತೊಂದರೆ ಕಂಡಿಲ್ಲ. ಕ್ಯೂನಿಫಾರ್ಮ್ ಕೋಡ್‌ಗಳು ಶುರುವಾಗುವುದೇ ಹೆಕ್ಸ್ (ಹದಿನಾರರ ಲೆಕ್ಕದ ಸಂಖ್ಯೆ) 12000ದಿಂದ. ಅಲ್ಲಿ ಪ್ರತಿಯೊಂದಕ್ಕೂ 4 ಬೈಟ್ ಬೇಕು. ಸ್ಟ್ರಿಕ್ಟ್ ಮೋಡ್ (ತಪ್ಪು ಡೇಟಾ ಬಂದರೆ ಸೇವ್ ಮಾಡದೆ ನಿಲ್ಲಿಸುವ ವ್ಯವಸ್ಥೆ) ಇಲ್ಲದಿದ್ದರೆ ಮೊದಲ 4 ಬೈಟ್ ಚಿಹ್ನೆ ಸಿಕ್ಕ ಕಡೆ ಪಠ್ಯ ಕತ್ತರಿಸಿ ಒಂದು ಎಚ್ಚರಿಕೆ ಕೊಟ್ಟು ಮುಂದೆ ಹೋಗುತ್ತದೆ. ಆ ಎಚ್ಚರಿಕೆಯನ್ನು ಯಾರು ನೋಡುತ್ತಾರೆ?

'ಯುಟಿಎಫ್8ಎಂಬಿ4'ಗೆ ಬದಲಾಯಿಸಿ. 2010ರಲ್ಲಿ ಬಂದ 5.5.3 ಆವೃತ್ತಿಯಿಂದಲೂ ಇದೆ. ಟೇಬಲ್ ಒಂದೇ ಬದಲಾಯಿಸಿದರೆ ಸಾಲದು, ಕನೆಕ್ಷನ್ನಿನ ಕ್ಯಾರೆಕ್ಟರ್ ಸೆಟ್ ಕೂಡ ಅದೇ ಇರಬೇಕು. ಮೊದಲು ಬ್ಯಾಕಪ್ ತೆಗೆದುಕೊಳ್ಳಿ.

ಮಂಡ್ಯದವ
ನಮ್ಮ ಆಫೀಸಲ್ಲಿ ಗ್ರಾಹಕರು ಎಮೋಜಿ ಹಾಕಿದಾಗ ಇದೇ ಆಗುತ್ತಿತ್ತು. ನಾಲ್ಕು ಬೈಟ್ ಕಾಯಿಲೆ.

ಬ್ಯಾಕೆಂಡ್_ಭಟ್ಟ
ಅದೇ ಕಾಯಿಲೆ, ಅದೇ ಔಷಧಿ. ಇನ್ನೊಂದು ವಿಷಯ. ಜಾವಾಸ್ಕ್ರಿಪ್ಟ್‌ನಲ್ಲಿ ಒಂದು ಕ್ಯೂನಿಫಾರ್ಮ್ ಚಿಹ್ನೆಯ ಉದ್ದ ಕೇಳಿದರೆ 2 ಅನ್ನುತ್ತದೆ, ಒಳಗೆ ಅದನ್ನು ಯುಟಿಎಫ್-16 ಪದ್ಧತಿಯಲ್ಲಿ ಎರಡು ತುಂಡಿನ ಜೋಡಿಯಾಗಿ ಇಟ್ಟಿರುವುದರಿಂದ. 'ಮೊದಲ 100 ಅಕ್ಷರ ತೋರಿಸು' ಅಂತ ಬರೆದ ಕೋಡ್ ಚಿಹ್ನೆಯನ್ನು ನಡುವೆ ಸೀಳಿಬಿಡುತ್ತದೆ. ಕೋಡ್ ಪಾಯಿಂಟ್, ಅಂದರೆ ಪೂರ್ತಿ ಯುನಿಕೋಡ್ ಕೋಡ್‌ಗಳ ಲೆಕ್ಕದಲ್ಲಿ ಎಣಿಸಿ.

ಕೊಪ್ಪಳದ_ಹುಡುಗ
ಭಟ್ಟರೇ, ಬದಲಾಯಿಸಿದೆ, ಪಠ್ಯ ಪೂರ್ತಿ ಬಂತು! ಫಾಂಟ್ ಕೂಡ ಹಾಕಿದೆ. ಮೂರನೆಯದಕ್ಕೆ ಯಾರಾದರೂ ಉತ್ತರ ಹೇಳಿ.

ಜೇಡಿಮಣ್ಣು
ನಾನು ಮೆಸೊಪೊಟೇಮಿಯಾದ ಹಳೆಯ ಭಾಷೆಗಳಾದ ಸುಮೇರಿಯನ್ ಮತ್ತು ಅಕ್ಕಾಡಿಯನ್ ಓದಿದವಳು. ಈ ಪ್ರಶ್ನೆ ನನಗೆ ತುಂಬ ಹತ್ತಿರದ್ದು, ಸ್ವಲ್ಪ ಉದ್ದ ಆಗುತ್ತದೆ.

ಯುನಿಕೋಡ್ ಚಾರ್ಟಿನಲ್ಲಿರುವುದು ಊರ್ ನಗರದ ಮೂರನೇ ರಾಜವಂಶದ ಕಾಲದ ರೂಪ. ಅಂದರೆ ಹೆಚ್ಚುಕಡಿಮೆ ಕ್ರಿ.ಪೂ. 2100ರಿಂದ 2000. ನಿಮ್ಮ ಫೋಟೊ ಅಶ್ಶೂರದ ರಾಜ ಅಶ್ಶುರ್‌ಬನಿಪಾಲನ ಕಾಲದ್ದಿರಬೇಕು, ಕ್ರಿ.ಪೂ. 7ನೇ ಶತಮಾನ. ನಡುವೆ ಸಾವಿರದ ನಾನೂರು ವರ್ಷ. ಅಷ್ಟರಲ್ಲಿ 'ಆನ್' ನಕ್ಷತ್ರದ ಕಡ್ಡಿಗಳನ್ನೆಲ್ಲ ಕಳಚಿಕೊಂಡು ಕೆಲವೇ ಬೆಣೆಗಳಿಗೆ ಬಂದು ನಿಂತಿತು. ಆದರೆ ಅದರ ಕೆಲಸ ಬದಲಾಗಲಿಲ್ಲ. ಸುಮೇರಿಯನ್‌ನಲ್ಲಿ ಆಕಾಶ, ದೇವರು ಎರಡಕ್ಕೂ ಅದೇ. ದೇವರ ಹೆಸರಿನ ಮುಂದೆ ಉಚ್ಚಾರವಿಲ್ಲದ ಗುರುತಾಗಿಯೂ ಅದೇ. ಅಶ್ಶೂರದ ಲಿಪಿಕಾರನಿಗೆ ತಾನು ಬರೆಯುತ್ತಿರುವುದು ಹಿಂದಿನವರು ಬರೆದ ಅದೇ ಚಿಹ್ನೆ ಅಂತ ಚೆನ್ನಾಗಿ ಗೊತ್ತಿತ್ತು. ಅವರೇ ಚಿಹ್ನೆಗಳ ಪಟ್ಟಿ ಮಾಡಿ ಕಲಿಯುತ್ತಿದ್ದರು.

ರೂಪಕ್ಕೊಂದು ಕೋಡ್ ಕೊಡುತ್ತಾ ಹೋದರೆ ಎಲ್ಲಿ ನಿಲ್ಲುವುದು? ಬ್ಯಾಬಿಲೋನಿನ ರಾಜ ಹಮ್ಮುರಬಿಯ ಕಾಯ್ದೆ ಕೆತ್ತಿದ ಕಲ್ಲು ಪ್ಯಾರಿಸ್‌ನ ಲೂವ್ರ್‌ನಲ್ಲಿದೆ. ಅದರ ಲಿಪಿ ಬೇಕೆಂದೇ ಹಳೆಯ ಶೈಲಿಯಲ್ಲಿದೆ. ಅದೇ ಕಾಲದಲ್ಲಿ ಮಣ್ಣಿನ ಮೇಲೆ ಬರೆದ ಕಾಗದಪತ್ರಗಳ ಲಿಪಿ ಬೇರೆಯದೇ, ಓಡುಬರಹ. ಒಬ್ಬನೇ ರಾಜ, ಒಂದೇ ಭಾಷೆ, ಎರಡು ರೂಪ. ಹಾಗಾದರೆ ಎರಡು ಕೋಡ್ ಕೊಡೋಣವಾ?

2000ದಲ್ಲಿ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ ಈ ಕೆಲಸಕ್ಕೆ ಜನ ಸೇರಿದರು. 2004ರಲ್ಲಿ ಮೈಕೆಲ್ ಎವರ್ಸನ್, ಕಾರ್ಲ್‌ಯುರ್ಗೆನ್ ಫಾಯರ್‌ಹೆರ್ಮ್, ಸ್ಟೀವ್ ಟಿನ್ನಿ ಪ್ರಸ್ತಾವ ಕೊಟ್ಟರು. 2006ರಲ್ಲಿ ಯುನಿಕೋಡ್ 5.0 ಜೊತೆ 982 ಕೋಡ್‌ಗಳು ಬಂದವು. 2014ರಲ್ಲಿ ಕೆಲವು, 2015ರಲ್ಲಿ ಇನ್ನೂ ಹಳೆಯ ಕಾಲದ 196 ಚಿಹ್ನೆಗಳು ಸೇರಿ ಒಟ್ಟು 1234 ಆಯಿತು. ಕೋಡ್ ಹೇಳುವುದು ಇದು ಯಾವ ಚಿಹ್ನೆ ಅಂತ ಮಾತ್ರ. ಯಾವ ಕಾಲದ ರೂಪ ಅನ್ನುವುದು ಫಾಂಟಿನ ಕೆಲಸ.

ಶಾಸನಾಸಕ್ತೆ
ಜೇಡಿಮಣ್ಣು ಅವರೇ, ಇದನ್ನು ನಾನು ಒಪ್ಪುವುದಿಲ್ಲ. ಶಾಸನ ಓದುವವರಿಗೆ ರೂಪವೇ ಜೀವಾಳ. ಹಲ್ಮಿಡಿ ಶಾಸನದಲ್ಲಿ ಇಸವಿ ಬರೆದಿಲ್ಲ. ಅದರ ಕಾಲ ನಿರ್ಣಯಿಸುವಾಗ ಅಕ್ಷರಗಳ ತಲೆಕಟ್ಟು, ಬಾಗು ಎಲ್ಲ ಲೆಕ್ಕಕ್ಕೆ ಬರುತ್ತವೆ. ಈಗ ಅದರ ಪಾಠವನ್ನು ಇಂದಿನ ಕನ್ನಡ ಕೋಡ್‌ನಲ್ಲಿ ಟೈಪ್ ಮಾಡುತ್ತೇವೆ. ನೋಡಿದವರಿಗೆ ನಿನ್ನೆ ಬರೆದ ಹಾಗೆ ಕಾಣುತ್ತದೆ. ಕ್ಯೂನಿಫಾರ್ಮ್‌ನಲ್ಲೂ ಅದೇ ಆಗಿದೆ. ಫಾಂಟ್ ಬದಲಾದರೆ ಕಾಲವೇ ಬದಲಾಗುತ್ತದೆ ಅಂದರೆ ಅದು ದಾಖಲೆ ಹೇಗಾಗುತ್ತದೆ?

ಹಳಗನ್ನಡಿಗ
ಮೇಡಂ ಹೇಳಿದ್ದರಲ್ಲಿ ಹುರುಳಿದೆ. ಇನ್ನೊಂದು ತಮಾಷೆ ನೋಡಿ. ಕನ್ನಡ ಮತ್ತು ತೆಲುಗು ಶತಮಾನಗಟ್ಟಲೆ ಒಂದೇ ಲಿಪಿ ಹಂಚಿಕೊಂಡಿದ್ದವು. ಅವಕ್ಕೆ ಯುನಿಕೋಡ್‌ನಲ್ಲಿ ಎರಡು ಬೇರೆ ಬ್ಲಾಕ್. ಸುಮೇರಿಯನ್, ಅಕ್ಕಾಡಿಯನ್, ಹಿಟ್ಟೈಟ್ (ಈಗಿನ ಟರ್ಕಿಯ ಕಡೆಯ ಹಳೆಯ ಭಾಷೆ) ಮೂರೂ ಸಂಬಂಧವೇ ಇಲ್ಲದ ಭಾಷೆಗಳು. ಅವಕ್ಕೆ ಒಂದೇ ಬ್ಲಾಕ್. ನಿಯಮ ಏನು ಸ್ವಾಮಿ?

ಜೇಡಿಮಣ್ಣು
ಹಳಗನ್ನಡಿಗ ಸರ್, ನಿಯಮ ಭಾಷೆಯದ್ದಲ್ಲ, ಲಿಪಿಯದ್ದು. ಕನ್ನಡ, ತೆಲುಗು ಇವತ್ತು ಎರಡು ಜೀವಂತ ಲಿಪಿಗಳು. ಓದುವವರು, ಮುದ್ರಿಸುವವರು ಬೇರೆ ಬೇರೆ. ಭಾರತೀಯ ಲಿಪಿಗಳನ್ನು ಕಂಪ್ಯೂಟರಿನಲ್ಲಿ ಬರೆಯಲು ಮಾಡಿದ್ದ ಹಳೆಯ ಇಸ್ಕಿ ಮಾನದಂಡದಲ್ಲೇ ಇವು ಬೇರೆಯಾಗಿದ್ದವು, ಯುನಿಕೋಡ್ ಅದನ್ನು ಅನುಸರಿಸಿತು. ಹಿಟ್ಟೈಟರು ಮೆಸೊಪೊಟೇಮಿಯಾದವರ ಚಿಹ್ನೆಗಳನ್ನೇ ಕಲಿತು ತಮ್ಮ ಭಾಷೆ ಬರೆದರು. ಹಿಟ್ಟೈಟ್ ಪಠ್ಯದ ನಡುವೆ ಸುಮೇರಿಯನ್, ಅಕ್ಕಾಡಿಯನ್ ಪದಗಳು ಹಾಗೆಹಾಗೇ ಬರುತ್ತವೆ. ಒಂದು ಸಾಲನ್ನು ಮೂರು ಬ್ಲಾಕಿನಿಂದ ಹೆಕ್ಕಿ ಬರೆಯಬೇಕಾ?

ನೋಡಲು ಬೆಣೆ ಇದ್ದರೂ ವ್ಯವಸ್ಥೆಯೇ ಬೇರೆಯಾದ ಕಡೆ ಬೇರೆ ಮಾಡಿದ್ದಾರೆ. ಸಿರಿಯಾದ ಹಳೆಯ ನಗರ ಉಗರಿತ್‌ನದ್ದು ಮೂವತ್ತು ಅಕ್ಷರಗಳ ವರ್ಣಮಾಲೆ, ಅದು 2003ರಲ್ಲೇ ಬೇರೆಯಾಗಿ ಬಂತು. ಹಳೆಯ ಪರ್ಷಿಯನ್ 2005ರಲ್ಲಿ.

ಫಾಂಟ್_ಹುಚ್ಚ
ಶಾಸನಾಸಕ್ತೆ ಮೇಡಂ, ಫಾಂಟ್ ಬದಲಾದರೆ ದಾಖಲೆ ಹಾಳಾಗುತ್ತದೆ ಅನ್ನುವುದು ಜಾಸ್ತಿ ಆಯಿತು. ಕಾಲಕ್ಕೊಂದು ಫಾಂಟ್ ಮಾಡಿಟ್ಟಿದ್ದಾರೆ. ಹಳೆಯ ಬ್ಯಾಬಿಲೋನಿಯನ್ ಓಡುಬರಹಕ್ಕೆ ಸಂತಕ್ಕು. ಹಮ್ಮುರಬಿ ಕಲ್ಲಿನ ಶೈಲಿಗೆ ಸಂತಕ್ಕುಎಂ. ಹಿಟ್ಟೈಟ್‌ಗೆ ಉಲ್ಲಿಕುಮ್ಮಿ. ನವ ಅಶ್ಶೂರಕ್ಕೆ ಅಶ್ಶುರ್‌ಬನಿಪಾಲ್. ಒಂದೇ ಸಾಲನ್ನು ಕಾಪಿ ಮಾಡಿ ನಾಲ್ಕು ಫಾಂಟಲ್ಲಿ ಹಾಕಿ ನೋಡಿ. ನಾಲ್ಕು ಕಾಲ ಒಟ್ಟಿಗೆ ಕಣ್ಣ ಮುಂದೆ ನಿಲ್ಲುತ್ತದೆ. ನಾಲ್ಕು ಕೋಡ್ ಇದ್ದಿದ್ದರೆ ಇದು ಸಾಧ್ಯವೇ ಆಗುತ್ತಿರಲಿಲ್ಲ.

ಶಾಸನಾಸಕ್ತೆ
ಫಾಂಟ್ ಮಾಡಿದವರು ಒಂದು ಮಾದರಿ ರೂಪ ಆರಿಸುತ್ತಾರೆ. ಹಲಗೆ ಬರೆದ ಮನುಷ್ಯ ಆ ದಿನ ಮೂರು ಬೆಣೆ ಒತ್ತಿದನೋ ನಾಲ್ಕು ಒತ್ತಿದನೋ ಅದರಲ್ಲಿ ಬರುವುದಿಲ್ಲ. ಕೈಬರಹದಿಂದ ಲಿಪಿಕಾರನನ್ನು ಗುರುತಿಸುವವರಿಗೆ ಅದೇ ಬೇಕಾಗಿರುವುದು.

ಜೇಡಿಮಣ್ಣು
ಅದಕ್ಕೆ ಫೋಟೊ ಬೇಕು, ಕೈಯಿಂದ ಬಿಡಿಸಿದ ನಕಲು ಬೇಕು, ಮೂರು ಆಯಾಮದ ಸ್ಕ್ಯಾನ್ ಬೇಕು. ಇದನ್ನು ನಾನು ಪೂರ್ತಿ ಒಪ್ಪುತ್ತೇನೆ. ಪಠ್ಯದ ಕೋಡ್‌ನಿಂದ ಆ ಕೆಲಸ ನಿರೀಕ್ಷಿಸಬಾರದು.

ಬ್ಯಾಕೆಂಡ್_ಭಟ್ಟ
ಒಂದು ಪ್ರಶ್ನೆ, ಜಗಳಕ್ಕಲ್ಲ. ನಾನು ನೋಡಿದ ಹಾಗೆ ವಿದ್ವಾಂಸರು ಈ ಯುನಿಕೋಡ್ ಚಿಹ್ನೆಗಳನ್ನು ಬಳಸುವುದೇ ಕಡಿಮೆ. ಸಿಡಿಎಲ್‌ಐ ಅನ್ನುವ ಬೆಣೆಲಿಪಿ ಹಲಗೆಗಳ ಡಿಜಿಟಲ್ ಗ್ರಂಥಾಲಯದ ತಾಣದಲ್ಲಿ ಹಲಗೆಗಳ ಪಠ್ಯ ಎಲ್ಲ ರೋಮನ್ ಲಿಪ್ಯಂತರದಲ್ಲಿದೆ, ಅದೂ ಶುದ್ಧ ಆಸ್ಕಿ, ಅಂದರೆ ಇಂಗ್ಲಿಷ್ ಕೀಲಿಮಣೆಯ ಅಕ್ಷರ, ಗುರುತುಗಳಷ್ಟೇ. ದೇವರ ಗುರುತಿಗೆ ಪುಷ್ಪಾವರಣದೊಳಗೆ 'ಡಿ', ಒಡೆದ ಜಾಗಕ್ಕೆ ಚೌಕಾವರಣ, ಹಾನಿಯಾದ ಚಿಹ್ನೆಗೆ ಹ್ಯಾಶ್ ಗುರುತು. ಇಷ್ಟು ಚೆನ್ನಾಗಿ ನಡೆಯುತ್ತಿದ್ದರೆ ಯುನಿಕೋಡ್ ಯಾಕೆ ಬೇಕು? ನಮ್ಮಲ್ಲೂ ಬಿ.ಎಲ್. ರೈಸ್ ಸಾಹೇಬರು ಕರ್ನಾಟಕದ ಶಾಸನಗಳ ಸಂಪುಟಗಳಾದ ಎಪಿಗ್ರಾಫಿಯಾ ಕರ್ನಾಟಿಕಾದಲ್ಲಿ ರೋಮನ್ ಪಾಠ ಕೊಟ್ಟಿದ್ದರು, ಕೆಲಸ ನಡೆಯಿತಲ್ಲ.

ಹಳಗನ್ನಡಿಗ
ರೈಸ್ ಕನ್ನಡ ಲಿಪಿಯಲ್ಲೂ ಕೊಟ್ಟಿದ್ದರು ಭಟ್ಟರೇ. ಎರಡೂ.

ಜೇಡಿಮಣ್ಣು
ಭಟ್ಟರ ಪ್ರಶ್ನೆ ಸರಿಯಾದ ಜಾಗಕ್ಕೇ ಮುಟ್ಟಿದೆ. ಲಿಪ್ಯಂತರ ಅಂದರೆ ಓದಿ ಮುಗಿಸಿದ ಪಠ್ಯ. ಚಿಹ್ನೆ ಅಂದರೆ ಓದುವ ಮೊದಲಿನ ಪಠ್ಯ. ಒಂದು ಉದಾಹರಣೆ ಸಾಕು.

'ಕಾ' ಅನ್ನುವ ಚಿಹ್ನೆ ಇದೆ, ಕೋಡ್ 12157. ಮೊದಮೊದಲು ಅದು ಮನುಷ್ಯನ ತಲೆಯ ಚಿತ್ರ, ಬಾಯಿಯ ಜಾಗದಲ್ಲಿ ಗೆರೆಗಳು. ಅದನ್ನು 'ಕಾ' ಅಂತ ಓದಿದರೆ ಬಾಯಿ, 'ಇನಿಮ್' ಅಂತ ಓದಿದರೆ ಮಾತು, 'ದುಗ್' ಅಂತ ಓದಿದರೆ ಹೇಳು. ಹಲಗೆಯ ಮೇಲೆ ಚಿಹ್ನೆ ಒಂದೇ. ಕ್ರಿ.ಪೂ. 24ನೇ ಶತಮಾನದ ಹೊತ್ತಿಗೆ ಸುಮೇರಿಯನ್ನರ ಲಗಾಶ್ ನಗರದಲ್ಲಿ ಒಬ್ಬ ರಾಜನಿದ್ದ. ಬಡವರ ಮೇಲಿನ ಅಧಿಕಾರಿಗಳ ದೌರ್ಜನ್ಯ ತಡೆದೆ ಅಂತ ಶಾಸನ ಬರೆಸಿದವನು. ಅವನ ಹೆಸರಿನ ನಡುವೆ ಈ ಚಿಹ್ನೆ ಬರುತ್ತದೆ. ಹಳೆಯ ಪುಸ್ತಕಗಳಲ್ಲಿ ಅವನು ಉರುಕಗಿನ. ಆಮೇಲಿನ ಎಷ್ಟೋ ಪುಸ್ತಕಗಳಲ್ಲಿ ಉರುಇನಿಮ್ಗಿನ. ಈ ಚರ್ಚೆ ಮುಗಿದಿಲ್ಲ. ರೋಮನ್‌ನಲ್ಲಿ ಹುಡುಕುವವರು ಎರಡು ಮೂರು ಹೆಸರು ಹಾಕಿ ಹುಡುಕಬೇಕು. ಚಿಹ್ನೆಗಳಲ್ಲಿ ಹುಡುಕಿದರೆ ಒಂದೇ ಸಲಕ್ಕೆ ಎಲ್ಲ ಸಿಗುತ್ತದೆ. ವಿದ್ವಾಂಸರ ಓದು ಬದಲಾಗುತ್ತದೆ. ಲಿಪಿಕಾರ ಒತ್ತಿದ ಬೆಣೆ ಬದಲಾಗುವುದಿಲ್ಲ.

ಮಂಡ್ಯದವ
ಮೆಸೊಪೊಟೇಮಿಯಾದ ಮಹಾಕಾವ್ಯದ ನಾಯಕ ಗಿಲ್ಗಮೇಶ್ ಹೆಸರನ್ನೂ ಮೊದಲು ಬೇರೆ ಏನೋ ಓದುತ್ತಿದ್ದರಂತಲ್ಲ?

ಜೇಡಿಮಣ್ಣು
ಹೌದು, ಇಜ್ದುಬಾರ್. 1870ರ ದಶಕದಲ್ಲಿ ಜಾರ್ಜ್ ಸ್ಮಿತ್ ಹಾಗೆ ಓದಿದ್ದರು. 1890ರಲ್ಲಿ ವಿದ್ವಾಂಸ ಪಿಂಚಸ್ ಅವರಿಗೆ ಸರಿಯಾದ ಓದು ಸಿಕ್ಕಿತು. ಆ ಇಪ್ಪತ್ತು ವರ್ಷದ ಪುಸ್ತಕಗಳಲ್ಲಿ ಗಿಲ್ಗಮೇಶ್ ಅಂತ ಹುಡುಕಿದರೆ ಸಿಗುವುದಿಲ್ಲ.

ಶಾಸನಾಸಕ್ತೆ
ಚೆನ್ನಾಗಿ ಹೇಳಿದಿರಿ. ಆದರೆ 'ಓದುವ ಮೊದಲಿನ ಪಠ್ಯ' ಅನ್ನುವ ಮಾತು ಎಲ್ಲ ಕಡೆ ನಿಲ್ಲುವುದಿಲ್ಲ. 'ಕು' ಮತ್ತು 'ತುಗ್' ತೆಗೆದುಕೊಳ್ಳಿ. ಮೊದಲು ಎರಡು ಬೇರೆ ಚಿಹ್ನೆ. ನವ ಅಶ್ಶೂರದ ಕಾಲಕ್ಕೆ ಎರಡೂ ಬೆರೆತು ನೋಡಲು ಒಂದೇ. ಯುನಿಕೋಡ್‌ನಲ್ಲಿ ಎರಡು ಕೋಡ್ ಇದೆ. ನಿನೆವೆಯ ಹಲಗೆ ಟೈಪ್ ಮಾಡುವವರು ಯಾವುದನ್ನು ಹಾಕಬೇಕು? ಬಟ್ಟೆ ಅನ್ನುವ ಅರ್ಥ ಇದ್ದರೆ 'ತುಗ್' ಹಾಕುತ್ತಾರೆ. ಅರ್ಥ ನೋಡಿ ಹಾಕಿದರು ಅಂದ ಮೇಲೆ ಅದು ಓದಿದ ಪಠ್ಯವೇ ಆಯಿತಲ್ವಾ? ಬೆರೆತದ್ದನ್ನು ಒಂದು ಮಾಡಲಿಲ್ಲ, ರೂಪ ಬದಲಾದದ್ದನ್ನು ಎರಡು ಮಾಡಲಿಲ್ಲ. ಎರಡೂ ಕಡೆ ಕಣ್ಣಿಗೆ ಕಾಣುವುದಕ್ಕೆ ಬೆಲೆ ಇಲ್ಲ.

ಜೇಡಿಮಣ್ಣು
ಇದು ಗಟ್ಟಿ ವಾದ, ತಳ್ಳಿಹಾಕುವ ಹಾಗಿಲ್ಲ. ಅವರು ಹಿಡಿದ ದಾರಿ ಇಷ್ಟೇ: ಯಾವುದಾದರೂ ಕಾಲದಲ್ಲಿ ಬೇರೆಯಾಗಿದ್ದರೆ ಬೇರೆ ಕೋಡ್. ಒಂದು ಮಾಡಿಬಿಟ್ಟರೆ ಹಳೆಯ ಹಲಗೆಯಲ್ಲಿ ಇರುವ ವ್ಯತ್ಯಾಸ ಕಳೆದೇ ಹೋಗುತ್ತದೆ, ಮತ್ತೆ ಬರುವುದಿಲ್ಲ. ಬೇರೆ ಇಟ್ಟರೆ ಹೊಸ ಹಲಗೆ ಟೈಪ್ ಮಾಡುವವರಿಗೆ ಕಷ್ಟ, ಆದರೆ ಹುಡುಕುವಾಗ ಎರಡನ್ನೂ ಒಂದೇ ಅಂತ ಎಣಿಸುವಂತೆ ಪ್ರೋಗ್ರಾಂ ಬರೆಯಬಹುದು. ಎರಡು ನಷ್ಟದಲ್ಲಿ ಚಿಕ್ಕದನ್ನು ಆರಿಸಿಕೊಂಡರು. ನನ್ನ ಲೆಕ್ಕದಲ್ಲಿ ಅದು ಸರಿ.

ಹಳಗನ್ನಡಿಗ
ಹೆಸರುಗಳ ಕಥೆಯನ್ನೂ ಹೇಳಲೇಬೇಕು. ಯುನಿಕೋಡ್‌ನಲ್ಲಿ ಒಮ್ಮೆ ಕೊಟ್ಟ ಹೆಸರು ತಪ್ಪಿದ್ದರೂ ತಿದ್ದುವುದಿಲ್ಲ, ಪಕ್ಕದಲ್ಲಿ ಇನ್ನೊಂದು ಹೆಸರು ಸೇರಿಸುತ್ತಾರೆ. ಕ್ಯೂನಿಫಾರ್ಮ್‌ನಲ್ಲಿ 'ಶಿರ್' ಅಂತ ಹೆಸರಾದ ಒಂದೆರಡು ಚಿಹ್ನೆಗಳಿಗೆ ಆಮೇಲೆ 'ನು11' ಅಂತ ಸೇರಿಸಿದರು. ನಮ್ಮ ಹಳಗನ್ನಡದ ೞ ಇದೆಯಲ್ಲ, ಪಂಪ ರನ್ನರು ಬಳಸಿದ್ದು, ಅದರ ಅಧಿಕೃತ ಯುನಿಕೋಡ್ ಹೆಸರು 'ಕನ್ನಡ ಲೆಟರ್ ಫಾ'! ಅದಕ್ಕೂ ಫಕಾರಕ್ಕೂ ಏನೂ ಸಂಬಂಧ ಇಲ್ಲ. ಪಕ್ಕದಲ್ಲಿ 'ಳ್ಳ್ಳ' ಅನ್ನುವ ಹಾಗೆ ಮೂರು 'ಎಲ್' ಇರುವ ಹೆಸರು ಸೇರಿಸಿದ್ದಾರೆ. ಮೂಲ ಹೆಸರು ಹಾಗೇ ಇದೆ.

ಕೊಪ್ಪಳದ_ಹುಡುಗ
ಅಯ್ಯೋ, ನಿಜವಾಗಿಯೂ? ೞ ಹೆಸರು 'ಫಾ'ನಾ?

ಬ್ಯಾಕೆಂಡ್_ಭಟ್ಟ
ನಿಜ. ಹೆಸರು ಬದಲಾಯಿಸಿದರೆ ಅದನ್ನು ನಂಬಿ ಬರೆದ ಪ್ರೋಗ್ರಾಂಗಳು ಮುರಿಯುತ್ತವೆ. ನೋಡಿದರೆ ಹೊಟ್ಟೆ ಉರಿಯುತ್ತದೆ, ಆದರೆ ನಿಯಮ ಬೇಕೇ ಬೇಕು.

ಫಾಂಟ್_ಹುಚ್ಚ
ನನಗೆ ಬೇಜಾರಿರುವುದು ಬೇರೆ ಕಡೆ. 'ಕಾ' ಬಾಯಿ ಅಂದರಲ್ಲ. ಅದರೊಳಗೆ ನೀರಿನ ಚಿಹ್ನೆ 'ಆ' ಇಟ್ಟರೆ 'ಕುಡಿ', ಕೋಡ್ 12158. ರೊಟ್ಟಿಯ ಚಿಹ್ನೆ 'ಗರ್' ಇಟ್ಟರೆ 'ತಿನ್ನು', ಕೋಡ್ 12165. ಎಷ್ಟು ಚಂದದ ಕಟ್ಟಡ! ಇದನ್ನು 'ಕಾ', 'ಒಳಗೆ', 'ಆ' ಅಂತ ಮೂರು ತುಂಡಾಗಿ ಕೋಡ್ ಮಾಡಿದ್ದರೆ ಹೊಸ ಸಂಯುಕ್ತ ಚಿಹ್ನೆ ಸಿಕ್ಕಾಗ ನಾವೇ ಕಟ್ಟಬಹುದಿತ್ತು. ಆ ದಾರಿಯೂ ಚರ್ಚೆಯಲ್ಲಿತ್ತು, ಬಿಟ್ಟುಬಿಟ್ಟರು. ಪ್ರತಿ ಸಂಯುಕ್ತಕ್ಕೂ ಒಂದೊಂದು ಕೋಡ್ ಕೊಟ್ಟರು. ಈಗ ಹೊಸದು ಬೇಕಾದರೆ ಅರ್ಜಿ ಬರೆದು ವರ್ಷಗಟ್ಟಲೆ ಕಾಯಬೇಕು. ಈಜಿಪ್ಟಿನ ಚಿತ್ರಲಿಪಿಗೆ ನೋಡಿ, 2019ರಲ್ಲಿ ಒಂದರ ಮೇಲೊಂದು, ಒಂದರೊಳಗೊಂದು ಜೋಡಿಸುವ ನಿಯಂತ್ರಣ ಕೋಡ್‌ಗಳನ್ನೇ ಕೊಟ್ಟರು.

ಬ್ಯಾಕೆಂಡ್_ಭಟ್ಟ
ಗುರೂ, ಆ ಜೋಡಣೆ ಕೆಲಸ ಮಾಡಬೇಕಾದರೆ ಫಾಂಟ್ ಮತ್ತು ಶೇಪಿಂಗ್ ಎಂಜಿನ್ (ಅಕ್ಷರಗಳನ್ನು ಸೇರಿಸಿ ಸರಿಯಾದ ರೂಪ ಕೊಡುವ ಪ್ರೋಗ್ರಾಂ) ಎರಡೂ ಜಾಣ ಇರಬೇಕು. 2004ರಲ್ಲಿ ಕನ್ನಡದ ಒತ್ತಕ್ಷರವೇ ಎಷ್ಟೋ ಕಡೆ ಒಡೆದು ಕಾಣುತ್ತಿತ್ತು, ಮರೆತಿರಾ? ಅರ್ಕಾವತ್ತು ಎಲ್ಲೆಲ್ಲೋ ಹೋಗಿ ಕೂರುತ್ತಿತ್ತು. ಒಂದು ಚಿಹ್ನೆಗೆ ಒಂದು ಕೋಡ್ ಇಟ್ಟದ್ದರಿಂದಲೇ ಇವತ್ತು ಕೊಪ್ಪಳದವರ ಪುಟದಲ್ಲಿ ಬರೀ ಫಾಂಟ್ ಹಾಕಿದ ತಕ್ಷಣ ಕಾಣಿಸಿತು.

ಫಾಂಟ್_ಹುಚ್ಚ
ಅರ್ಕಾವತ್ತಿನ ವಿಷಯ ತೆಗೆದರೆ ನಾನು ಸೋತೆ ಅಂತ ಅಲ್ಲ! 2004ಕ್ಕೆ ಸರಿ ಇದ್ದದ್ದು ಮುಂದಿನ ಐವತ್ತು ವರ್ಷಕ್ಕೂ ಸರಿ ಆಗಬೇಕಾಗಿಲ್ಲ.

ಮಂಡ್ಯದವ
ಸುಮೇರಿಯನ್ ದ್ರಾವಿಡ ಭಾಷೆ ಅಂತ ಒಂದು ವಿಡಿಯೊ ನೋಡಿದೆ. ಹಾಗಿದ್ದರೆ ಈ ಚಿಹ್ನೆಗಳಲ್ಲಿ ಕನ್ನಡ ಇರಬಹುದಾ?

ಜೇಡಿಮಣ್ಣು
ಇಲ್ಲ. ಸುಮೇರಿಯನ್‌ಗೆ ಗೊತ್ತಿರುವ ಯಾವ ಭಾಷೆಯ ಜೊತೆಯೂ ನಂಟು ಸಾಬೀತಾಗಿಲ್ಲ. ಪದಗಳ ಸದ್ದು ಹೋಲಿಸಿ ಹೇಳುವುದು ಸಾಲದು. ನಮ್ಮ ಕಡೆಯ ಸಂಪರ್ಕ ಇದ್ದದ್ದು ನಿಜ. ಮೆಲುಹ್ಹ ಅನ್ನುವ ನಾಡಿನ ಹೆಸರು ಹಲಗೆಗಳಲ್ಲಿ ಬರುತ್ತದೆ, ಅದು ಸಿಂಧೂ ಕಣಿವೆಯ ಕಡೆ ಅಂತ ಹೆಚ್ಚಿನವರ ಅಭಿಪ್ರಾಯ. ಲೂವ್ರ್‌ನಲ್ಲಿ ಅಕ್ಕಾಡಿಯನ್ ಕಾಲದ ಒಂದು ಮುದ್ರೆ ಇದೆ, ಶು-ಇಲಿಶು ಅನ್ನುವವನದ್ದು. ಅವನ ವೃತ್ತಿ ಮೆಲುಹ್ಹ ಭಾಷೆಯ ದುಭಾಷಿ. ಅವನು ಆಡಿದ ಆ ಭಾಷೆ ಮಾತ್ರ ಬೆಣೆಲಿಪಿಯಲ್ಲಿ ನಮಗೆ ಸಿಕ್ಕಿಲ್ಲ.

ಮಂಡ್ಯದವ
ದುಭಾಷಿ! ನಾಲ್ಕು ಸಾವಿರ ವರ್ಷದ ಹಿಂದೆ! ಇದಕ್ಕಾದರೂ ಈ ಚರ್ಚೆ ಓದಿದ್ದು ಸಾರ್ಥಕ.

ನಿರ್ವಾಹಕ
ದ್ರಾವಿಡ ಮೂಲದ ಚರ್ಚೆಗೆ ಬೇರೆ ಎಳೆ ತೆರೆಯಿರಿ. ಇಲ್ಲಿ ಎನ್‌ಕೋಡಿಂಗ್ ಇರಲಿ.

ಕರಾವಳಿ_ಕುವರಿ
ಎನ್‌ಕೋಡಿಂಗ್ ಬಗ್ಗೆಯೇ ಹೇಳುತ್ತೇನೆ. ತುಳು-ತಿಗಳಾರಿ ಲಿಪಿ 2024ರಲ್ಲಿ ಯುನಿಕೋಡ್ 16.0 ಜೊತೆ ಬಂತು. ನಮ್ಮ ಮನೆಯಲ್ಲಿ ತಾಳೆಗರಿ ಕಟ್ಟುಗಳಿವೆ, ಅಜ್ಜ ಓದುತ್ತಿದ್ದರು. ಇದು ಬರುವವರೆಗೆ ಅದನ್ನು ಕನ್ನಡ ಅಥವಾ ಮಲಯಾಳಂ ಕೋಡ್‌ನಲ್ಲಿ ಬರೆದುಕೊಳ್ಳುವುದೇ ಗತಿ. ಕೋಡ್ ಸಿಕ್ಕಿದೆ, ಆದರೆ ಫೋನ್‌ನಲ್ಲಿ ಈಗಲೂ ಚೌಕ. ಸತ್ತ ಲಿಪಿಗೆ 2006ರಲ್ಲೇ ಸಾವಿರ ಕೋಡ್, ನಮ್ಮ ಲಿಪಿಗೆ 18 ವರ್ಷ ಆದ ಮೇಲೆ 80. ನೋವಾಗುತ್ತದೆ.

ಜೇಡಿಮಣ್ಣು
ನಿಮ್ಮ ನೋವು ಅರ್ಥವಾಗುತ್ತದೆ. ಆದರೆ ಕ್ಯೂನಿಫಾರ್ಮ್ ನಿಮ್ಮ ಜಾಗ ಕಿತ್ತುಕೊಳ್ಳಲಿಲ್ಲ ಅಕ್ಕಾ. ಕೋಡ್‌ಗಳಿಗೆ ಜಾಗದ ಬರ ಇಲ್ಲ. ಯಾರಾದರೂ ಕೂತು ಪುರಾವೆ ಕಲೆಹಾಕಿ ಪ್ರಸ್ತಾವ ಬರೆಯಬೇಕು, ಕೊರತೆ ಇರುವುದು ಅಂಥವರದ್ದು. ಕ್ಯೂನಿಫಾರ್ಮ್‌ನಲ್ಲೂ ಎಲ್ಲ ಮುಗಿದಿಲ್ಲ. ಉರುಕ್ ನಗರದಲ್ಲಿ ಸಿಕ್ಕ ಅತ್ಯಂತ ಹಳೆಯ ಹಲಗೆಗಳ ಚಿಹ್ನೆಗಳು, ಕ್ರಿ.ಪೂ. 3000ಕ್ಕೂ ಹಿಂದಿನವು, ಈ 1234ರಲ್ಲಿ ಸೇರಿಲ್ಲ.

ಗಣಿತ_ಮೇಷ್ಟ್ರು
ತಡವಾಗಿ ಬಂದೆ. ನನಗೆ ಇಷ್ಟವಾದದ್ದು ಅಂಕಿಗಳು. ಮಕ್ಕಳಿಗೆ ಇದನ್ನು ಖಂಡಿತ ತೋರಿಸಿ. ಊರ್ ರಾಜವಂಶದ ಕಾಲದ ದ್ರೆಹೆಮ್ ಅನ್ನುವ ಕಡೆ ಕುರಿ, ದನಗಳ ಲೆಕ್ಕದ ಹಲಗೆಗಳು ರಾಶಿರಾಶಿ ಸಿಕ್ಕಿವೆ. 75 ಕುರಿ ಅಂತ ಬರೆಯಬೇಕು ಅಂತಿಟ್ಟುಕೊಳ್ಳಿ. ಮೊದಲು ಒಂದು ನಿಂತ ಬೆಣೆ, ಅದು 60. ಆಮೇಲೆ ಒಂದು ಮೂಲೆಗುರುತು, ಅದು 10. ಆಮೇಲೆ ಐದು ನಿಂತ ಬೆಣೆ, ಅದು 5. ಮೊದಲ ಬೆಣೆಯೂ ಕೊನೆಯ ಬೆಣೆಗಳೂ ಆಕಾರದಲ್ಲಿ ಹೆಚ್ಚುಕಡಿಮೆ ಒಂದೇ. ಯುನಿಕೋಡ್‌ನಲ್ಲಿ ಮಾತ್ರ 1ರ ಬೆಣೆ 'ದಿಶ್', ಕೋಡ್ 12079. 60ರ ಬೆಣೆ 'ಗೆಶ್', ಕೋಡ್ 12415. ಐದು ಬೆಣೆಯ ಗುಂಪಿಗೂ ಸೇರಿ ಒಂದೇ ಕೋಡ್ ಇದೆ, ಐದು ಸಲ ಒತ್ತಬೇಕಾಗಿಲ್ಲ.

ಶಾಸನಾಸಕ್ತೆ
ನೋಡಿ, ಮತ್ತೆ ಅದೇ! ಕಣ್ಣಿಗೆ ಒಂದೇ, ಕೋಡ್ ಎರಡು. ಅರ್ಥ ನೋಡಿ ಕೋಡ್ ಹಾಕುತ್ತಿದ್ದೇವೆ.

ಗಣಿತ_ಮೇಷ್ಟ್ರು
ಲೆಕ್ಕದಲ್ಲಿ ಅದೇ ಬೇಕು ತಾಯಿ. 60 ಕುರಿಯೂ 1 ಕುರಿಯೂ ಕಂಪ್ಯೂಟರ್‌ಗೆ ಒಂದೇ ಆಗಿಬಿಟ್ಟರೆ ಕೂಡುವುದು ಹೇಗೆ?

ಕೊಪ್ಪಳದ_ಹುಡುಗ
ಇದನ್ನೆಲ್ಲ ಟೈಪ್ ಮಾಡುವುದು ಹೇಗೆ? ನಾನು ಇಲ್ಲಿಯವರೆಗೆ ಚಾರ್ಟಿನಿಂದ ಒಂದೊಂದೇ ಹುಡುಕಿ ಕಾಪಿ ಮಾಡುತ್ತಿದ್ದೇನೆ. ಚಾರ್ಟ್ ಇಂಗ್ಲಿಷ್ ಅಕಾರಾದಿ ಕ್ರಮದಲ್ಲಿದೆ, ಆಕಾರ ನೋಡಿ ಹುಡುಕಲು ಆಗುವುದಿಲ್ಲ.

ಜೇಡಿಮಣ್ಣು
ಆಕಾರ ನೋಡಿ ಹುಡುಕಬೇಕಾದರೆ ಬೋರ್ಗರ್ ಅವರ ಜರ್ಮನ್ ಚಿಹ್ನಾಕೋಶ ಬೇಕು. ಅದರಲ್ಲಿ 907 ಚಿಹ್ನೆಗಳಿಗೆ ಕ್ರಮಸಂಖ್ಯೆ ಇದೆ, ಜೋಡಿಸಿರುವುದು ನವ ಅಶ್ಶೂರದ ಆಕಾರದ ಮೇಲೆ. ನಿಮಗೆ ಅಷ್ಟು ಬೇಡ. ಒರಾಕ್ ತಾಣದಲ್ಲಿ ಕ್ಯೂನಿಫೈ ಅನ್ನುವ ಸಾಧನ ಇದೆ. ರೋಮನ್ ಲಿಪ್ಯಂತರ ಹಾಕಿದರೆ ಚಿಹ್ನೆಗಳನ್ನು ಕೊಡುತ್ತದೆ. ಲಿಪ್ಯಂತರದಿಂದ ಚಿಹ್ನೆಗೆ ಹೋಗುವುದು ಸುಲಭ, ಯಾಕೆಂದರೆ ಪ್ರತಿ ಓದಿಗೂ ಯಾವ ಚಿಹ್ನೆ ಅಂತ ನಿಗದಿಯಾಗಿದೆ. ಚಿಹ್ನೆಯಿಂದ ಓದಿಗೆ ಬರುವುದು ಕಷ್ಟ. 2023ರಲ್ಲಿ ಇಸ್ರೇಲಿನ ಸಂಶೋಧಕರು ಯುನಿಕೋಡ್ ಚಿಹ್ನೆಗಳನ್ನೇ ನೇರವಾಗಿ ಕೊಟ್ಟು ಅಕ್ಕಾಡಿಯನ್‌ನಿಂದ ಇಂಗ್ಲಿಷಿಗೆ ಯಂತ್ರಾನುವಾದ ಮಾಡಿಸಿದರು. ಲಿಪ್ಯಂತರ ಕೊಟ್ಟಾಗ ಬಂದ ಫಲಿತಾಂಶಕ್ಕೂ ಅದಕ್ಕೂ ಸ್ವಲ್ಪವೇ ವ್ಯತ್ಯಾಸ. ಭಟ್ಟರು ಯುನಿಕೋಡ್ ಯಾಕೆ ಅಂತ ಕೇಳಿದ್ದಕ್ಕೆ ಇದೂ ಒಂದು ಉತ್ತರ.

ಬ್ಯಾಕೆಂಡ್_ಭಟ್ಟ
ಒಪ್ಪಿದೆ. ಎರಡನ್ನೂ ಇಟ್ಟುಕೊಳ್ಳಿ, ಒಂದಕ್ಕೊಂದು ಜೋಡಿಸಿ. ಹುಡುಕುವಾಗ ಎರಡೂ ಕೆಲಸಕ್ಕೆ ಬರುತ್ತದೆ.

ಗಣಿತ_ಮೇಷ್ಟ್ರು
ಕೊಪ್ಪಳದವರೇ, ನಿಮ್ಮ ಪುಟಕ್ಕೆ ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಸಂಗ್ರಹದ 7289ನೇ ಹಲಗೆ ಹಾಕಿ. ಅಂಗೈಯಷ್ಟು ದೊಡ್ಡದು. ಒಂದು ಚೌಕ, ಎರಡು ಕರ್ಣ. ಬಾಹುವಿನ ಹತ್ತಿರ 30. ಕರ್ಣದ ಮೇಲೆ 1, 24, 51, 10. ಅರವತ್ತರ ಲೆಕ್ಕದಲ್ಲಿ (ಪ್ರತಿ ಸ್ಥಾನದ ಬೆಲೆ ಹಿಂದಿನದರ ಅರವತ್ತನೇ ಒಂದು ಭಾಗ) ಬಿಡಿಸಿದರೆ 1.414212, ಅಂದರೆ 2ರ ವರ್ಗಮೂಲ, ದಶಮಾಂಶದ ಐದು ಸ್ಥಾನದವರೆಗೆ ಸರಿ. ಕೆಳಗೆ 42, 25, 35, ಅದು 30ನ್ನು ಅದರಿಂದ ಗುಣಿಸಿದ ಉತ್ತರ. ಮಕ್ಕಳೇ ಗುಣಿಸಿ ತಾಳೆ ನೋಡಬಹುದು. ನನ್ನದೊಂದು ಪ್ರಶ್ನೆ: ಇಲ್ಲಿ ಮೊದಲ 1ಕ್ಕೆ ಯಾವ ಕೋಡ್? ಸ್ಥಾನಬೆಲೆಯ ಪದ್ಧತಿಯಲ್ಲಿ ಆ ಬೆಣೆ 1 ಆಗಬಹುದು, 60 ಆಗಬಹುದು, ಅರವತ್ತನೇ ಒಂದು ಭಾಗವೂ ಆಗಬಹುದು.

ಜೇಡಿಮಣ್ಣು
ಸ್ಥಾನಬೆಲೆಯ ಪಠ್ಯದಲ್ಲಿ ಎಲ್ಲ ಸ್ಥಾನಕ್ಕೂ 'ದಿಶ್' ಮತ್ತು ಹತ್ತರ 'ಉ' ಎರಡೇ. 'ಗೆಶ್' ಕುರಿ ಲೆಕ್ಕದಂಥ ಕಡೆ ಮಾತ್ರ. ಬೆಲೆ ಎಷ್ಟು ಅಂತ ಬರೆದವನೇ ನಿಗದಿ ಮಾಡದ ಕಡೆ ನಾವು ಕೋಡ್‌ನಲ್ಲಿ ನಿಗದಿ ಮಾಡಬಾರದು.

ಶಾಸನಾಸಕ್ತೆ
ಈ ಒಂದು ಮಾತಿಗೆ ನನ್ನ ಪೂರ್ತಿ ಒಪ್ಪಿಗೆ. ಇದೇ ನಿಯಮ 'ಕು', 'ತುಗ್'ಗೂ ಇರಬೇಕಿತ್ತು ಅಂತ ನನ್ನ ವಾದ.

ಫಾಂಟ್_ಹುಚ್ಚ
ಟೈಪ್ ಮಾಡುವಾಗ ಸ್ಥಾನಗಳ ನಡುವೆ ಒಂದು ಸ್ಪೇಸ್ ಬಿಡಿ. 51 ಆದ ಮೇಲೆ 10 ಬಂದರೆ ಗೊಂದಲ ಇಲ್ಲ, ಬಿಡಿಯ ನಂತರ ಹತ್ತು ಬಂತು ಅಂದರೆ ಹೊಸ ಸ್ಥಾನ. ಆದರೆ 10 ಆದ ಮೇಲೆ 10 ಬಂದರೆ ಅಂಟಿಕೊಂಡು 20 ಅನ್ನಿಸುತ್ತದೆ. ಈ ಹಲಗೆಯಲ್ಲಿ ಹಾಗೆ ಬರುವುದಿಲ್ಲ, ಮುಂದಿನದರಲ್ಲಿ ಬರಬಹುದು. ಹಳೆಯ ಬ್ಯಾಬಿಲೋನಿಯನ್ ಕಾಲದ್ದು, ಹಾಗಾಗಿ ಸಂತಕ್ಕು ಫಾಂಟ್ ಹಾಕಿ ನೋಡಿ, ನೋಟೋ ಬೇಡ.

ಕೊಪ್ಪಳದ_ಹುಡುಗ
ಹಾಕುತ್ತೇನೆ. ಸಂತಕ್ಕುವನ್ನು ಸಬ್‌ಸೆಟ್ ಮಾಡಲು ಪರವಾನಗಿ ಹೇಗಿದೆ ಅಂತ ಓದಿಕೊಂಡು ನಾಳೆ ಹೇಳುತ್ತೇನೆ. ಮೇಷ್ಟ್ರೇ, ಆ 42, 25, 35 ಗುಣಾಕಾರವನ್ನು ಹೆಜ್ಜೆ ಹೆಜ್ಜೆಯಾಗಿ ಬರೆದುಕೊಡುತ್ತೀರಾ?